ಪಿತ್ತನಾಳದ ದೊಡ್ಡ ಕಲ್ಲು: ಹೊಟ್ಟೆ ಕೊಯ್ಯದೆ ತೆಗೆಸಿಕೊಳ್ಳುವವರಿಗೆ ಹಂತ ಹಂತದ ಮಾರ್ಗದರ್ಶಿ

"ಸ್ಕ್ಯಾನಿಂಗ್ ರಿಪೋರ್ಟಿನ್ಯಾಗ ಪಿತ್ತನಾಳದಾಗ 18 ಮಿಲಿಮೀಟರ್ ಕಲ್ಲು ಅದ ಅಂತ ಬರದಾರ್ರಿ. ಇಆರ್‌ಸಿಪಿ ಮಾಡಿಸ್ಬೇಕು ಅಂತಾರ. ಹೊಟ್ಟಿ ಕೊಯ್ತಾರೇನ್ರಿ? ಒಂದೇ ಸಲಕ್ಕ ಮುಗೀತದೇನು?"

ಸೇಡಂ, ಆಳಂದ, ಶಹಾಪುರ, ಹುಮನಾಬಾದ್ ಕಡೆಯ ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಮೊದಲು ಚುಟುಕು ಉತ್ತರ ಹೇಳಿಬಿಡುತ್ತೇನೆ. ಹೊಟ್ಟೆ ಕೊಯ್ಯುವುದಿಲ್ಲ, ಬಾಯಿಂದ ಎಂಡೋಸ್ಕೋಪ್ ಎಂಬ ಕ್ಯಾಮೆರಾ ಕೊಳವೆ ಇಳಿಸಿ ಕಲ್ಲು ತೆಗೆಯುತ್ತಾರೆ. ಇಆರ್‌ಸಿಪಿ ಎಂದರೆ ಇದೇ. ಸಣ್ಣ ಕಲ್ಲಾದರೆ ಬಹುಪಾಲು ಒಂದೇ ಸಲಕ್ಕೆ ಮುಗಿಯುತ್ತದೆ. ದೊಡ್ಡ ಕಲ್ಲಾದರೆ ಎರಡು ಸಲ, ಕೆಲವೊಮ್ಮೆ ಮೂರು ಸಲ ಹೋಗಬೇಕಾದೀತು. ಮೊದಲ ಸಲದ ನಂತರ ನೋವು, ಕಾಮಣಿ ಎರಡೂ ಇಳಿಯುವುದರಿಂದ ಎಲ್ಲ ಮುಗಿಯಿತೆಂದುಕೊಂಡು ಎರಡನೇ ಸಲಕ್ಕೆ ಹೋಗದೇ ಉಳಿಯುವವರು ಬಹಳ ಮಂದಿ. ನಮ್ಮ ಭಾಗದಲ್ಲಿ ಜನ ಅಪಾಯಕ್ಕೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ಈ ಲೇಖನ ಬರೆಯುತ್ತಿರುವುದೂ ಮುಖ್ಯವಾಗಿ ಅದಕ್ಕಾಗಿ.

1. ಕಲ್ಲು ಎಲ್ಲಿದೆ ಎಂಬುದನ್ನು ಖಚಿತ ಮಾಡಿಕೊಳ್ಳಿ

ಬಿಸಿಲಿನ ಸೀಮೆ ನಮ್ಮದು, ಕಿಡ್ನಿ ಕಲ್ಲಿನ ಅನುಭವ ಓಣಿಗೊಬ್ಬರಿಗಾದರೂ ಇದೆ. ಅದಕ್ಕೇ "ಕಲ್ಲು" ಎಂದ ಕೂಡಲೇ ನೀರು ಹೆಚ್ಚು ಕುಡಿ, ಬಾಳೆದಿಂಡಿನ ರಸ ಕುಡಿ, ಹುರುಳಿ ಕಟ್ಟು ಕುಡಿ ಎಂಬ ಸಲಹೆಗಳು ಶುರುವಾಗುತ್ತವೆ. ಪಿತ್ತದ ಕಲ್ಲಿಗೂ ಮೂತ್ರದ ದಾರಿಗೂ ಸಂಬಂಧವೇ ಇಲ್ಲ. ಎಷ್ಟು ನೀರು ಕುಡಿದರೂ ಅದು ಜರುಗುವುದಿಲ್ಲ.

ಪಿತ್ತರಸ ಲಿವರ್‌ನಲ್ಲಿ ಹುಟ್ಟುತ್ತದೆ, ಗಾಲ್ ಬ್ಲ್ಯಾಡರ್ ಎನ್ನುವ ಪಿತ್ತಕೋಶದಲ್ಲಿ ಸಂಗ್ರಹವಾಗುತ್ತದೆ, ಊಟವಾದಾಗ ಪಿತ್ತನಾಳದ ಮೂಲಕ ಸಣ್ಣ ಕರುಳಿಗೆ ಇಳಿಯುತ್ತದೆ. ಕಲ್ಲು ಪಿತ್ತಕೋಶದಲ್ಲೇ ಕುಳಿತಿದ್ದರೆ ಅದಕ್ಕೆ ಲ್ಯಾಪರೋಸ್ಕೋಪಿ, ಅಂದರೆ ಸಣ್ಣ ತೂತುಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆ ಇದೆ, ಇಆರ್‌ಸಿಪಿ ಬೇಕಿಲ್ಲ. ಅಲ್ಲಿಂದ ಜಾರಿ ನಾಳಕ್ಕೆ ಬಂದು ಸಿಕ್ಕಿಕೊಂಡಿದ್ದರೆ, ಅಥವಾ ನಾಳದಲ್ಲೇ ಹುಟ್ಟಿ ಬೆಳೆದಿದ್ದರೆ, ಆಗ ಈ ಲೇಖನ ನಿಮಗೆ. ರಿಪೋರ್ಟಿನಲ್ಲಿ ಸಿಬಿಡಿ ಎಂದಿದ್ದರೆ ಅದು ಪಿತ್ತನಾಳ. ಪಿತ್ತಕೋಶವನ್ನು ಎಷ್ಟೋ ವರ್ಷಗಳ ಹಿಂದೆ ತೆಗೆಸಿದ್ದರೂ ನಾಳದಲ್ಲಿ ಕಲ್ಲು ಇರಬಹುದು, ಅದರಲ್ಲಿ ಆಶ್ಚರ್ಯವೇನಿಲ್ಲ.

ನಾಳದಲ್ಲಿ ಕಲ್ಲು ಅಡ್ಡ ಕುಳಿತರೆ ಪಿತ್ತ ಹಿಂದಕ್ಕೆ ಒತ್ತಿ ರಕ್ತಕ್ಕೆ ಸೇರುತ್ತದೆ. ಕಣ್ಣು ಹಳದಿ, ಮೂತ್ರ ಗಾಢ ಹಳದಿ, ಮಲ ಬಿಳಿಚು, ಮೈಯೆಲ್ಲ ತುರಿಕೆ. ಇದೂ ಕಾಮಣಿಯೇ, ಆದರೆ ಸೋಂಕಿನಿಂದ ಬರುವ ಕಾಮಣಿಯಲ್ಲ. ಬೇರು ಅರೆದು ಕುಡಿಸುವುದರಿಂದ, ಮೂಗಿಗೆ ಹನಿ ಬಿಡುವುದರಿಂದ, ಕೈಗೆ ಬರೆ ಹಾಕಿಸುವುದರಿಂದ ಅಡ್ಡಬಿದ್ದ ಕಲ್ಲು ಸರಿಯಲಾರದು. ಬರೆ ಹಾಕಿಸಿದ ಗಾಯ ಕೀವಾಗುತ್ತದೆ, ಜೊತೆಗೆ ಅಮೂಲ್ಯವಾದ ವಾರಗಳು ಕಳೆದುಹೋಗುತ್ತವೆ. ಕಲ್ಲು ಕರಗಿಸುವ ಮಾತ್ರೆ ಎಂದು ಕೊಡುವ ಅರ್ಸೋಡಿಯಾಕ್ಸಿಕೋಲಿಕ್ ಆಮ್ಲವನ್ನೂ ನಂಬಿ ಕೂರಬೇಡಿ. ನಾಳದ ದೊಡ್ಡ ಕಲ್ಲು ಅದೊಂದರಿಂದಲೇ ಕರಗಿಹೋಗುವುದಿಲ್ಲ.

2. ಚಳಿಜ್ವರ ಬಂದಿದ್ದರೆ ಉಳಿದದ್ದನ್ನು ಆಮೇಲೆ ಓದಿ, ಈಗಲೇ ಹೊರಡಿ

ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ನಡುಕ ಹುಟ್ಟಿಸುವ ಜ್ವರ, ಕಣ್ಣು ಹಳದಿ. ಈ ಮೂರೂ ಒಟ್ಟಿಗಿದ್ದರೆ ನಿಂತ ಪಿತ್ತದಲ್ಲಿ ಸೋಂಕು ಹತ್ತಿದೆ ಎಂದು ತಿಳಿಯಿರಿ. ವೈದ್ಯರು ಇದನ್ನು ಕೊಲಾಂಜೈಟಿಸ್ ಎನ್ನುತ್ತಾರೆ. ಇವುಗಳ ಜೊತೆ ಮಾತು ತಡವರಿಸಿದರೆ, ಮಂಪರು ಕವಿದರೆ, ರಕ್ತದೊತ್ತಡ ಇಳಿದರೆ ಜೀವಕ್ಕೇ ಅಪಾಯ. ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಮಂಕುತನ ಕಾಣಿಸಬಹುದು.

108ಕ್ಕೆ ಫೋನ್ ಮಾಡಿ, ಅಥವಾ ಸಿಕ್ಕ ವಾಹನದಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಯಾವುದು ಹತ್ತಿರವೋ ಅಲ್ಲಿಗೆ. ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಮತ್ತು ದ್ರವ ಶುರುವಾಗಲಿ, ಸ್ಥಿತಿ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಮುಂದಿನ ಊರಿನ ಮಾತು. ನೇರವಾಗಿ ಹೈದರಾಬಾದಿಗೇ ಹೋಗೋಣ ಎಂದು ಜ್ವರದಲ್ಲಿ ನಡುಗುವವರನ್ನು ಚಿಕಿತ್ಸೆಯೇ ಕೊಡಿಸದೆ ಗಂಟೆಗಟ್ಟಲೆ ಕಾರಿನಲ್ಲಿ ಒಯ್ಯಬೇಡಿ. ಇಂಥ ಸ್ಥಿತಿಯಲ್ಲಿ ತಜ್ಞರು ಕಲ್ಲು ತೆಗೆಯುವ ಪ್ರಯತ್ನವನ್ನೇ ಮುಂದೂಡಿ, ಪಿತ್ತ ಹರಿಯಲು ಸ್ಟೆಂಟ್ ಎಂಬ ಪುಟ್ಟ ಕೊಳವೆಯನ್ನಷ್ಟೇ ಇಟ್ಟು ಕಳಿಸಬಹುದು. ಅದು ಸರಿಯಾದ ನಿರ್ಧಾರ.

3. ಪರೀಕ್ಷೆಗಳನ್ನು ಮಾಡಿಸಿ, ಎರಡು ಅಳತೆ ಬರೆದಿಟ್ಟುಕೊಳ್ಳಿ

ರಕ್ತದಲ್ಲಿ ಎಲ್‌ಎಫ್‌ಟಿ, ಅಂದರೆ ಲಿವರ್ ಪರೀಕ್ಷೆ, ರಕ್ತಕಣಗಳ ಎಣಿಕೆ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಸಕ್ಕರೆ, ರಕ್ತ ಹೆಪ್ಪುಗಟ್ಟುವ ವೇಗ ತಿಳಿಸುವ ಪಿಟಿ-ಐಎನ್‌ಆರ್. ಕೊನೆಯದನ್ನು ಬಿಡಬೇಡಿ. ಪಿತ್ತ ಕರುಳಿಗೆ ಇಳಿಯದೇ ಹೋದರೆ ವಿಟಮಿನ್ ಕೆ ಹೀರಿಕೆಯಾಗುವುದಿಲ್ಲ, ಆಗ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಐಎನ್‌ಆರ್ ಹೆಚ್ಚಿದ್ದರೆ ಮೊದಲು ವಿಟಮಿನ್ ಕೆ ಚುಚ್ಚುಮದ್ದು ಕೊಡುತ್ತಾರೆ.

ಅಲ್ಟ್ರಾಸೌಂಡ್ ಸುಲಭಕ್ಕೆ ಸಿಗುತ್ತದೆ, ಪಿತ್ತಕೋಶವನ್ನು ಚೆನ್ನಾಗಿ ತೋರಿಸುತ್ತದೆ. ನಾಳದ ಕೆಳತುದಿಯನ್ನು ಮಾತ್ರ ಕರುಳಿನ ಗಾಳಿ ಮರೆಮಾಡುವುದರಿಂದ ಅಲ್ಲಿನ ಕಲ್ಲು ಎಷ್ಟೋ ಸಲ ತಪ್ಪಿಹೋಗುತ್ತದೆ. ಆದ್ದರಿಂದ ಎಂಆರ್‌ಸಿಪಿ ಮಾಡಿಸಲು ಹೇಳುತ್ತಾರೆ. ಇದು ಎಂಆರ್‌ಐ ಯಂತ್ರದಲ್ಲಿ ಪಿತ್ತನಾಳದ ಚಿತ್ರ ತೆಗೆಯುವ ವಿಧಾನ, ಚುಚ್ಚುವುದಿಲ್ಲ, ಎಕ್ಸ್‌ರೇ ಕಿರಣವೂ ಇಲ್ಲ. ಹೃದಯಕ್ಕೆ ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ. ಎಂಆರ್‌ಸಿಪಿ ಮತ್ತು ಇಆರ್‌ಸಿಪಿ ಹೆಸರಿನಲ್ಲಿ ಅವಳಿಗಳಂತೆ ಕೇಳಿಸುತ್ತವೆ, ಗೊಂದಲ ಬೇಡ: ಮೊದಲನೆಯದು ಚಿತ್ರ, ಎರಡನೆಯದು ಚಿಕಿತ್ಸೆ.

ವರದಿಯಲ್ಲಿ ಎರಡು ಸಂಖ್ಯೆ ಹುಡುಕಿ: ಕಲ್ಲಿನ ಅಗಲ ಮತ್ತು ನಾಳದ ಅಗಲ. ನಾಳ ಸಾಮಾನ್ಯವಾಗಿ 6 ಮಿಲಿಮೀಟರ್ ಆಸುಪಾಸು ಇರುತ್ತದೆ, ವಯಸ್ಸಾದಂತೆ ಮತ್ತು ಪಿತ್ತಕೋಶ ತೆಗೆದ ಮೇಲೆ ಸ್ವಲ್ಪ ಹಿಗ್ಗುತ್ತದೆ. ಕಲ್ಲು 10 ಮಿಲಿಮೀಟರ್ ಒಳಗಿದ್ದರೆ ಮಾಮೂಲು ಸಲಕರಣೆಯಲ್ಲೇ ಹೆಚ್ಚಾಗಿ ಬರುತ್ತದೆ. 15 ದಾಟಿತೆಂದರೆ, ಅಂದರೆ ದಪ್ಪ ಹುಣಸೆ ಬೀಜದಷ್ಟಾದರೆ, ಅದನ್ನು ದೊಡ್ಡ ಕಲ್ಲು ಎಂದೇ ಎಣಿಸುತ್ತಾರೆ. ಕಲ್ಲಿನ ಕೆಳಗಡೆ ನಾಳ ಕಿರಿದಾಗಿದ್ದರೆ ಕೆಲಸ ಇನ್ನೂ ಕಷ್ಟ, ಅದನ್ನೂ ಕೇಳಿ ತಿಳಿದುಕೊಳ್ಳಿ.

4. ಎಲ್ಲಿ ಮಾಡಿಸಬೇಕು: ಹೊರಡುವ ಮುಂಚೆ ಫೋನಿನಲ್ಲೇ ಕೇಳಿ

ಬೀದರಿನವರು ಹೈದರಾಬಾದಿಗೆ, ಕಲಬುರಗಿ, ಆಳಂದ, ಅಫಜಲಪುರದವರು ಸೊಲ್ಲಾಪುರಕ್ಕೋ ಹೈದರಾಬಾದಿಗೋ, ಯಾದಗಿರಿಯವರು ರಾಯಚೂರು, ಹೈದರಾಬಾದ್ ಅಥವಾ ಬೆಂಗಳೂರಿಗೆ ಹೋಗುವುದು ರೂಢಿ. ದೂರ ಹೋಗುವುದು ತಪ್ಪಲ್ಲ. ಆದರೆ "ಇಆರ್‌ಸಿಪಿ ಮಾಡ್ತೀರಾ?" ಎಂದಷ್ಟೇ ಕೇಳಿ ಹೊರಟರೆ ಸಾಲದು. ಇಆರ್‌ಸಿಪಿ ಮಾಡುವ ಎಲ್ಲ ಕಡೆ ದೊಡ್ಡ ಕಲ್ಲು ಒಡೆಯುವ ಸಲಕರಣೆ ಇರುವುದಿಲ್ಲ. ಹೀಗೆ ಕೇಳಿ:

"ಕಲ್ಲು ಇಷ್ಟು ಮಿಲಿಮೀಟರ್ ಇದೆ, ನಾಳ ಇಷ್ಟು ಇದೆ. ನಾಳದ ಬಾಯಿ ಹಿಗ್ಗಿಸುವ ದೊಡ್ಡ ಬಲೂನ್ ಮತ್ತು ಕಲ್ಲು ಪುಡಿಮಾಡುವ ಲಿಥೋಟ್ರಿಪ್ಸಿ ನಿಮ್ಮಲ್ಲಿ ಇದೆಯೇ? ಲೇಸರ್ ಇದೆಯೇ? ಆಗದಿದ್ದರೆ ಆಪರೇಷನ್ ಮಾಡುವ ಸರ್ಜನ್ ಅಲ್ಲೇ ಇದ್ದಾರೆಯೇ? ತಜ್ಞರು ದಿನಾಲೂ ಇರುತ್ತಾರೆಯೇ, ವಾರಕ್ಕೊಮ್ಮೆ ಬರುತ್ತಾರೆಯೇ?"

ಕೊನೆಯ ಪ್ರಶ್ನೆಯನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ಚಿಕಿತ್ಸೆಯ ಮರುದಿನ ತೊಂದರೆಯಾದರೆ ನೋಡುವವರು ಅಲ್ಲೇ ಇರಬೇಕು.

ಹಣದ ವಿಷಯ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ, ಆದ್ದರಿಂದ ಜಿಲ್ಲಾ ಮಟ್ಟದ ಆಸ್ಪತ್ರೆಗೆ ಮೊದಲು ಹೋಗುವುದು ವ್ಯರ್ಥ ಓಡಾಟವಲ್ಲ. ಗಡಿ ದಾಟಿ ಹೋಗುವವರು ಆ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡ್ ನಡೆಯುತ್ತದೆಯೇ, ಸ್ಟೆಂಟ್ ತೆಗೆಸುವ ಎರಡನೇ ಭೇಟಿಯೂ ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಮುಂಚೆಯೇ ಕೇಳಿ. ಎರಡನೇ ಭೇಟಿಗೆ ಹಣವಿಲ್ಲ ಎಂಬ ಕಾರಣಕ್ಕೇ ಸ್ಟೆಂಟ್ ಒಳಗೇ ಉಳಿದುಬಿಡುವುದುಂಟು.

5. ಸಿದ್ಧತೆ

ನೀವು ನುಂಗುವ ಪ್ರತಿ ಮಾತ್ರೆಯ ಪಟ್ಟಿ, ಸಾಧ್ಯವಾದರೆ ಮಾತ್ರೆಯ ಹಾಳೆಗಳನ್ನೇ, ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಆಸ್ಪಿರಿನ್ ಸಾಮಾನ್ಯವಾಗಿ ಮುಂದುವರಿಸಬಹುದು. ಕ್ಲೋಪಿಡೊಗ್ರೆಲ್ ಅನ್ನು 5ರಿಂದ 7 ದಿನ, ವಾರ್ಫರಿನ್ ಅನ್ನು 5 ದಿನ ಮುಂಚೆ ನಿಲ್ಲಿಸುವುದು ವಾಡಿಕೆ. ಆದರೆ ಹೃದಯಕ್ಕೆ ಸ್ಟೆಂಟ್ ಅಥವಾ ಕೃತಕ ಕವಾಟ ಹಾಕಿಸಿಕೊಂಡವರು ನಿಮ್ಮ ಹೃದ್ರೋಗ ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ. ಕಲಬುರಗಿಯ ಜಯದೇವ ಕೇಂದ್ರದಲ್ಲಿ ತೋರಿಸುವವರು ಅಲ್ಲಿಂದಲೇ ಒಂದು ಚೀಟಿ ಬರೆಸಿಕೊಂಡು ಹೋದರೆ ಎರಡೂ ಕಡೆಯ ವೈದ್ಯರಿಗೆ ಅನುಕೂಲ.

ಸಕ್ಕರೆ ಕಾಯಿಲೆಯವರು ಉಪವಾಸದ ದಿನ ಇನ್ಸುಲಿನ್, ಮಾತ್ರೆ ಎಷ್ಟು ತೆಗೆದುಕೊಳ್ಳಬೇಕೆಂದು ಬರೆಸಿಕೊಳ್ಳಿ. ಡಪಾಗ್ಲಿಫ್ಲೋಜಿನ್ ಬಗೆಯ ಮಾತ್ರೆಗಳನ್ನು ಸಾಮಾನ್ಯವಾಗಿ 3 ದಿನ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಬೆಳಗಿನ ಸರದಿ ಕೇಳಿ ಪಡೆಯಿರಿ, ಏಪ್ರಿಲ್-ಮೇ ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ಬರಿಹೊಟ್ಟೆಯಲ್ಲಿ ಕೂರುವುದು ವಯಸ್ಸಾದವರಿಗೆ ಹಿಂಸೆ.

ಗಟ್ಟಿ ಆಹಾರ ಕನಿಷ್ಠ 6ರಿಂದ 8 ಗಂಟೆ ಮುಂಚೆ ನಿಲ್ಲಬೇಕು. ಬರೀ ನೀರು 2 ಗಂಟೆ ಮುಂಚಿನವರೆಗೆ ಸಾಮಾನ್ಯವಾಗಿ ನಡೆಯುತ್ತದೆ, ನಿಮ್ಮ ವೈದ್ಯರು ಹೇಳಿದ್ದೇ ಅಂತಿಮ. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ. "ಬರೇ ಅರ್ಧ ಕಪ್ ಚಾ" ಕುಡಿದು ಸರದಿ ತಪ್ಪಿಸಿಕೊಳ್ಳುವವರು ಬಹಳ.

ಗರ್ಭಿಣಿಯಾಗಿದ್ದರೆ ಅಥವಾ ಆ ಸಂಶಯವಿದ್ದರೆ ಹೇಳಲೇಬೇಕು, ಏಕೆಂದರೆ ಎಕ್ಸ್‌ರೇ ಬಳಸುತ್ತಾರೆ. ಹಿಂದೆ ಜಠರದ ಆಪರೇಷನ್ ಆಗಿದ್ದರೂ ಹೇಳಿ, ಒಳಗಿನ ದಾರಿಯೇ ಬದಲಾಗಿರುತ್ತದೆ. ನೋವಿನ ಮಾತ್ರೆಯ ಅಲರ್ಜಿ, ಎಕ್ಸ್‌ರೇಯಲ್ಲಿ ನಾಳ ಕಾಣಿಸಲೆಂದು ಬಿಡುವ ಅಯೋಡಿನ್ ಬಣ್ಣದ ಅಲರ್ಜಿ, ಕಿಡ್ನಿ ತೊಂದರೆಯನ್ನೂ ಮುಚ್ಚಿಡಬೇಡಿ.

6. ಒಳಗೆ ಏನು ನಡೆಯುತ್ತದೆ

ಈ ವಿಧಾನ ಹೊಸ ಪ್ರಯೋಗವಲ್ಲ. 1968ರಲ್ಲಿ ಅಮೆರಿಕದಲ್ಲಿ ಎಂಡೋಸ್ಕೋಪಿನ ಮೂಲಕ ನಾಳಕ್ಕೆ ಬಣ್ಣ ಬಿಟ್ಟು ಚಿತ್ರ ತೆಗೆದರು, 1974ರಲ್ಲಿ ಜರ್ಮನಿ ಮತ್ತು ಜಪಾನಿನ ವೈದ್ಯರು ನಾಳದ ಬಾಯಿಯನ್ನು ಕತ್ತರಿಸಿ ಕಲ್ಲು ತೆಗೆಯುವುದನ್ನು ತೋರಿಸಿಕೊಟ್ಟರು.

ನಿಮ್ಮನ್ನು ಬೋರಲು ಅಥವಾ ಎಡಮಗ್ಗುಲಿಗೆ ಮಲಗಿಸಿ, ನಿದ್ದೆಯ ಔಷಧಿ ಅಥವಾ ಅರಿವಳಿಕೆ ಕೊಡುತ್ತಾರೆ. ಕೊಳವೆ ಬಾಯಿಂದ ಜಠರ ದಾಟಿ ಸಣ್ಣ ಕರುಳಿನ ಮೊದಲ ಭಾಗಕ್ಕೆ ಇಳಿಯುತ್ತದೆ. ಅಲ್ಲಿ ಪಿತ್ತನಾಳ ತೆರೆದುಕೊಳ್ಳುವ ಪುಟ್ಟ ಉಬ್ಬು ಇದೆ, ಅದರ ಹೆಸರು ಪ್ಯಾಪಿಲಾ. ಮೇದೋಜೀರಕ ಗ್ರಂಥಿಯ, ಅಂದರೆ ಪ್ಯಾಂಕ್ರಿಯಾಸ್‌ನ ನಾಳವೂ ಅಲ್ಲೇ ಬಂದು ಸೇರುತ್ತದೆ. ಮುಂದೆ ಹೇಳುವ ಮುಖ್ಯ ತೊಂದರೆಗೆ ಈ ನೆರೆಹೊರೆಯೇ ಕಾರಣ. ತಜ್ಞರು ಸಣ್ಣ ತಂತಿಯನ್ನು ನಾಳದೊಳಗೆ ಸೇರಿಸಿ, ಬಣ್ಣ ಬಿಟ್ಟು, ಎಕ್ಸ್‌ರೇ ಪರದೆಯಲ್ಲಿ ಕಲ್ಲು ನೋಡಿ, ಪ್ಯಾಪಿಲಾವನ್ನು ವಿದ್ಯುತ್ ತಂತಿಯಿಂದ ಸ್ವಲ್ಪ ಕತ್ತರಿಸುತ್ತಾರೆ. ಇದಕ್ಕೆ ಸ್ಫಿಂಕ್ಟರಾಟಮಿ ಎನ್ನುತ್ತಾರೆ. ಸಣ್ಣ ಕಲ್ಲಾದರೆ ಬಲೂನಿನಿಂದ ಗುಡಿಸಿ ಅಥವಾ ತಂತಿಬುಟ್ಟಿಯಲ್ಲಿ ಹಿಡಿದು ಕರುಳಿಗೆ ಎಳೆದುಬಿಡುತ್ತಾರೆ, ಮಲದಲ್ಲಿ ಹೋಗುತ್ತದೆ. ಮನೆಗೆ ತೋರಿಸಲು ಕಲ್ಲು ಕೈಗೆ ಕೊಡಲಿಲ್ಲವೆಂದು ಅನುಮಾನಪಡಬೇಡಿ. ನಾಳ ಖಾಲಿಯಾದ ಎಕ್ಸ್‌ರೇ ಚಿತ್ರವನ್ನು ಕೇಳಿ ಪಡೆಯಬಹುದು.

ದೊಡ್ಡ ಕಲ್ಲಿಗೆ ಇಷ್ಟರಿಂದ ಬಾಗಿಲು ಸಾಲದು. ಆಗ ಇರುವ ದಾರಿಗಳು ಇವು.

ಮೊದಲನೆಯದು ಬಾಗಿಲು ಹಿಗ್ಗಿಸುವುದು. ಸಣ್ಣದಾಗಿ ಕತ್ತರಿಸಿ, 12ರಿಂದ 20 ಮಿಲಿಮೀಟರ್ ಅಗಲದ ಬಲೂನನ್ನು ನಿಧಾನವಾಗಿ ಉಬ್ಬಿಸುತ್ತಾರೆ. ಬಲೂನು ನಾಳಕ್ಕಿಂತ ಅಗಲವಾಗಬಾರದು, ಹಾಗಾದರೆ ನಾಳ ಹರಿಯುವ ಅಪಾಯವಿದೆ. ನಾಳದ ಅಳತೆ ಬರೆದಿಟ್ಟುಕೊಳ್ಳಿ ಎಂದದ್ದು ಇದಕ್ಕೇ. ನಾಳ ಕೆಳಗಡೆ ಕಿರಿದಾಗಿದ್ದರೆ ಈ ದಾರಿ ಬಳಸುವುದಿಲ್ಲ.

ಎರಡನೆಯದು ಕಲ್ಲನ್ನು ಒಳಗೇ ಪುಡಿಮಾಡುವುದು. ಗಟ್ಟಿ ತಂತಿಬುಟ್ಟಿಯಲ್ಲಿ ಕಲ್ಲನ್ನು ಹಿಡಿದು, ಲೋಹದ ಕೊಳವೆಯ ವಿರುದ್ಧ ಬಿಗಿದು ಒಡೆಯುತ್ತಾರೆ. ಹೆಸರು ಮೆಕ್ಯಾನಿಕಲ್ ಲಿಥೋಟ್ರಿಪ್ಸಿ. ಕಲ್ಲು ತೀರಾ ಗಟ್ಟಿಯಿದ್ದರೆ, ಬುಟ್ಟಿ ಬಿಚ್ಚಿಕೊಳ್ಳಲು ಜಾಗವೇ ಇಲ್ಲದಂತೆ ನಾಳವನ್ನು ತುಂಬಿಕೊಂಡಿದ್ದರೆ, ಇದು ಕೈಕೊಡುತ್ತದೆ.

ಮೂರನೆಯದು ಕಣ್ಣಾರೆ ನೋಡಿ ಒಡೆಯುವುದು. ಕೊಲಾಂಜಿಯೋಸ್ಕೋಪ್ ಎಂಬ ತೆಳ್ಳನೆಯ ಕ್ಯಾಮೆರಾ ದೊಡ್ಡ ಕೊಳವೆಯ ಒಳಗಿಂದ ನಾಳದೊಳಕ್ಕೇ ಹೋಗುತ್ತದೆ. ಕಲ್ಲನ್ನು ನೇರ ನೋಡುತ್ತ ಹೋಲ್ಮಿಯಂ ಲೇಸರ್ ಅಥವಾ ವಿದ್ಯುತ್ ಕಿಡಿಯಿಂದ ಚೂರು ಮಾಡುತ್ತಾರೆ. ಬೇರೆ ಯಾವುದಕ್ಕೂ ಬಗ್ಗದ ಕಲ್ಲುಗಳಲ್ಲೂ ಇದರ ಯಶಸ್ಸು ಹೆಚ್ಚು. ಖರ್ಚು ಜಾಸ್ತಿ, ದೊಡ್ಡ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಕೆಲವು ಕೇಂದ್ರಗಳಲ್ಲಿ ಹೊರಗಿನಿಂದ ಆಘಾತ ತರಂಗ ಕೊಟ್ಟು ಒಡೆಯುವುದೂ ಉಂಟು.

ಇವೆಲ್ಲ ಆಗದೇ ಹೋದರೆ ಲ್ಯಾಪರೋಸ್ಕೋಪಿ ಅಥವಾ ತೆರೆದ ಶಸ್ತ್ರಚಿಕಿತ್ಸೆಯಿಂದ ನಾಳವನ್ನೇ ತೆರೆದು ತೆಗೆಯುತ್ತಾರೆ. ಪಿತ್ತಕೋಶವನ್ನೂ ತೆಗೆಯಬೇಕಿದ್ದು ಆರೋಗ್ಯ ಗಟ್ಟಿಯಾಗಿದ್ದರೆ ಇದು ಒಳ್ಳೆಯ ಆಯ್ಕೆಯೇ, ಹಿನ್ನಡೆಯೆಂದು ಕೊರಗಬೇಡಿ.

ಒಂದು ಸಲಕ್ಕೆ ಪೂರ್ತಿ ಬರದಿದ್ದರೆ ಪ್ಲಾಸ್ಟಿಕ್ ಸ್ಟೆಂಟ್ ಇಟ್ಟು ನಿಲ್ಲಿಸುತ್ತಾರೆ. ಹೊರಗೆ ಕಾದವರು "ಕಲ್ಲು ಬರಲಿಲ್ಲ, ದುಡ್ಡು ಹೋಯಿತು" ಎಂದು ಸಿಟ್ಟಾಗುವುದು ಸಹಜ. ಆದರೆ ದಣಿದ ರೋಗಿಯ ಮೇಲೆ ಮತ್ತೆ ಮತ್ತೆ ಎಳೆದಾಡುವುದಕ್ಕಿಂತ ಪಿತ್ತ ಹರಿಯಲು ದಾರಿ ಮಾಡಿ ನಿಲ್ಲಿಸುವವರೇ ಜಾಗ್ರತೆಯ ವೈದ್ಯರು. ಸ್ಟೆಂಟಿನ ಪಕ್ಕ ಉಜ್ಜಿಕೊಂಡಿರುವ ಕಲ್ಲು ಎಷ್ಟೋ ಸಲ ಸವೆದು ಚಿಕ್ಕದಾಗಿರುತ್ತದೆ, ಎರಡನೇ ಸಲ ಸುಲಭವಾಗಿ ಬರುತ್ತದೆ.

7. ಆ ದಿನ, ಮರುದಿನ

ಅದೇ ರಾತ್ರಿಯ ರೈಲು ಹತ್ತಬೇಡಿ. ಕನಿಷ್ಠ ಒಂದು ರಾತ್ರಿ ಆಸ್ಪತ್ರೆಯಲ್ಲಿ ಅಥವಾ ಅದರ ಸಮೀಪ ಇರಿ.

ನೂರು ಜನರಲ್ಲಿ 3ರಿಂದ 10 ಜನರಿಗೆ ಪ್ಯಾಂಕ್ರಿಯಾಸ್ ಊದಿಕೊಳ್ಳುತ್ತದೆ, ಬಹುತೇಕ ಸೌಮ್ಯವಾಗಿದ್ದು ಕೆಲವು ದಿನಗಳಲ್ಲಿ ಇಳಿಯುತ್ತದೆ, ಕೆಲವರಿಗೆ ಮಾತ್ರ ಗಂಭೀರ. ಅದನ್ನು ತಡೆಯಲು ಗುದದ್ವಾರದಲ್ಲಿ ಡೈಕ್ಲೋಫೆನಾಕ್ ಅಥವಾ ಇಂಡೊಮೆಥಾಸಿನ್ ಗುಳಿಗೆ ಇಡುತ್ತಾರೆ, ಮುಜುಗರಪಟ್ಟು ಬೇಡವೆನ್ನಬೇಡಿ. ರಕ್ತಸ್ರಾವ ನೂರಕ್ಕೆ ಒಬ್ಬಿಬ್ಬರಿಗೆ, ಕರುಳಿಗೆ ತೂತು ಬೀಳುವುದು ಅದಕ್ಕಿಂತ ಅಪರೂಪ.

ಗಂಟಲು ನೋವು, ಹೊಟ್ಟೆ ಉಬ್ಬರ ಒಂದೆರಡು ದಿನ ಇರುತ್ತದೆ, ಭಯ ಬೇಡ. ಬೆನ್ನಿಗೆ ಹೊಡೆಯುವ ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಚಳಿಜ್ವರ, ಡಾಂಬರಿನಂಥ ಕಪ್ಪು ಮಲ ಕಂಡರೆ ತಕ್ಷಣ ಆಸ್ಪತ್ರೆಗೆ. ರಕ್ತಸ್ರಾವ ಒಂದೆರಡು ವಾರ ಕಳೆದ ಮೇಲೂ ಆಗಬಹುದು. ವೈದ್ಯರು ಊಟಕ್ಕೆ ಒಪ್ಪಿಗೆ ಕೊಟ್ಟ ಮೇಲೆ ನೀರು, ಗಂಜಿ, ತೆಳ್ಳನೆಯ ಅಂಬಲಿಯಿಂದ ಶುರು ಮಾಡಿ. ಎಣ್ಣೆಗಾಯಿ, ಶೇಂಗಾ ಹಿಂಡಿ ಕೆಲವು ದಿನ ತಡವಾಗಲಿ.

8. ಸ್ಟೆಂಟ್: ಈ ಹಂತವನ್ನು ಎರಡು ಸಲ ಓದಿ

ಹೃದಯದ ಸ್ಟೆಂಟ್ ಜೀವನಪೂರ್ತಿ ಒಳಗೇ ಇರುತ್ತದೆ. ಪಿತ್ತನಾಳದ ಪ್ಲಾಸ್ಟಿಕ್ ಸ್ಟೆಂಟ್ ಹಾಗಲ್ಲ. ಹೆಸರು ಒಂದೇ ಆದ್ದರಿಂದ "ಇದ್ದರೆ ಇರಲಿ" ಎಂದು ಬಿಡುವವರಿದ್ದಾರೆ. ಅದು ಕರಗುವುದಿಲ್ಲ. ತಿಂಗಳುಗಳು ಕಳೆದಂತೆ ಅದರೊಳಗೆ ಕೆಸರು ತುಂಬಿ ಕಟ್ಟಿಕೊಳ್ಳುತ್ತದೆ, ಸೋಂಕು ಮತ್ತೆ ಏಳುತ್ತದೆ, ವರ್ಷಗಟ್ಟಲೆ ಬಿಟ್ಟರೆ ಸ್ಟೆಂಟಿನ ಸುತ್ತಲೇ ಹೊಸ ಕಲ್ಲು ಬೆಳೆಯುತ್ತದೆ. ಸಾಮಾನ್ಯವಾಗಿ 3 ತಿಂಗಳ ಒಳಗೆ ತೆಗೆಸಬೇಕು ಅಥವಾ ಬದಲಿಸಬೇಕು.

ಡಿಸ್ಚಾರ್ಜ್ ಆಗುವಾಗ ಮೂರು ವಿಷಯ ಬರೆಸಿಕೊಳ್ಳಿ: ಸ್ಟೆಂಟ್ ಹಾಕಿದ್ದಾರೆಯೇ, ನಾಳ ಪೂರ್ತಿ ಖಾಲಿಯಾಗಿದೆಯೇ, ತೆಗೆಸುವ ಕೊನೆಯ ದಿನಾಂಕ ಯಾವುದು. ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮನೆಯ ಇನ್ನಿಬ್ಬರ ಫೋನಿನಲ್ಲೂ ಇರಲಿ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡರೆ ತೆಗೆಸುವ ಹೊತ್ತಿಗೆ ಸರಿಯಾಗಿ ತೊಗರಿ ರಾಶಿಯ ಕಾಲ. ರಾಶಿ ಮುಗಿಯಲಿ, ಆಮೇಲೆ ಜಾತ್ರೆ ಮುಗಿಯಲಿ ಎಂದು ಮುಂದೂಡುತ್ತ ಹೋದರೆ ಯುಗಾದಿ ಬಂದಿರುತ್ತದೆ. ಒಂದು ವಾರ ಮುಂಚೆಯೇ ಹೋಗಿ ಬನ್ನಿ. ದುಡಿಯಲು ಮುಂಬೈ, ಪುಣೆ, ಬೆಂಗಳೂರಿಗೆ ಹೋಗುವವರು ಫೈಲನ್ನು ಊರಿನ ಟ್ರಂಕಿನಲ್ಲಿ ಇಟ್ಟುಹೋಗಬೇಡಿ, ಡಿಸ್ಚಾರ್ಜ್ ಹಾಳೆಯ ಫೋಟೊವಾದರೂ ಫೋನಿನಲ್ಲಿರಲಿ. ಸ್ಟೆಂಟನ್ನು ಹಾಕಿದ ಆಸ್ಪತ್ರೆಯಲ್ಲೇ ತೆಗೆಸಬೇಕೆಂದೇನಿಲ್ಲ, ಇಆರ್‌ಸಿಪಿ ತಜ್ಞರಿರುವ ಯಾವ ಊರಿನಲ್ಲಾದರೂ ಆದೀತು.

ದಿನಾಂಕ ಬರುವ ಮೊದಲೇ ಜ್ವರ, ಕಾಮಣಿ ಮರಳಿದರೆ ಕಾಯಬೇಡಿ. ಸ್ಟೆಂಟ್ ಕಟ್ಟಿಕೊಂಡಿದೆ ಎಂದೇ ತಿಳಿದು ಹೊರಡಿ.

9. ಪಿತ್ತಕೋಶ ಉಳಿದಿದ್ದರೆ

ನಾಳದ ಕಲ್ಲು ಹೋಯಿತು, ಆದರೆ ಅದು ಬಂದದ್ದು ಪಿತ್ತಕೋಶದಿಂದ, ಅಲ್ಲಿ ಇನ್ನೂ ಕಲ್ಲುಗಳಿವೆ ಎಂದಾದರೆ ಕೆಲಸ ಅರ್ಧವಷ್ಟೇ ಆಗಿದೆ. ನಾಳ ಖಾಲಿಯಾದ 2 ವಾರಗಳ ಒಳಗೆ, ಸಾಧ್ಯವಾದರೆ ಅದೇ ದಾಖಲಾತಿಯಲ್ಲೇ, ಲ್ಯಾಪರೋಸ್ಕೋಪಿಯಿಂದ ಪಿತ್ತಕೋಶ ತೆಗೆಸುವುದು ಒಳ್ಳೆಯದು. ತಡಮಾಡಿದರೆ ಮತ್ತೊಂದು ಕಲ್ಲು ಜಾರುವ ಸಾಧ್ಯತೆ ಇದ್ದೇ ಇದೆ. ತುಂಬಾ ವಯಸ್ಸಾದವರು, ಹೃದಯ ದುರ್ಬಲವಿದ್ದವರ ವಿಷಯದಲ್ಲಿ ಮಾತ್ರ ವೈದ್ಯರು ಬೇರೆ ರೀತಿ ಯೋಚಿಸಬಹುದು.

ದೊಡ್ಡ ಕಲ್ಲು ಇದ್ದವರಿಗೆ, ನಾಳ ಹಿಗ್ಗಿಯೇ ಉಳಿದವರಿಗೆ ವರ್ಷಗಳ ನಂತರ ಮತ್ತೆ ಕಲ್ಲು ಕಟ್ಟಬಹುದು. ಹಳೆಯ ಜಾಗದಲ್ಲೇ ನೋವು, ಜ್ವರ, ಮೂತ್ರದ ಬಣ್ಣ ಗಾಢ ಎನಿಸಿದರೆ ಹತ್ತಿರದಲ್ಲೇ ಎಲ್‌ಎಫ್‌ಟಿ ಮತ್ತು ಅಲ್ಟ್ರಾಸೌಂಡ್ ಮಾಡಿಸಿ, ಹಳೆಯ ಇಆರ್‌ಸಿಪಿ ವರದಿಯನ್ನು ಜೊತೆಗೆ ತೋರಿಸಿ. ಪ್ಯಾಪಿಲಾ ಮೊದಲೇ ಕತ್ತರಿಸಿರುವುದು ಗೊತ್ತಾದರೆ ತಜ್ಞರಿಗೆ ಎರಡನೇ ಸಲ ನಾಳದೊಳಗೆ ಹೋಗುವುದು ಸಾಮಾನ್ಯವಾಗಿ ಸುಲಭವಾಗುತ್ತದೆ.